ಒನ್ಸ್ ಮೋರ್ ಪರ್ವತ್ಯಾ

ನಗು ಬಂದರೆ ತಡೆಯಬೇಡಿ, ಆಮೇಲೆ ಯಾಕಾದರೂ ನಕ್ಕೆವೋ ಅನ್ನಿಸಿದರೆ ನನ್ನನ್ನು ಬೈಯಬೇಡಿ. ಇಷ್ಟು ಕರಾರಿಗೆ ಒಪ್ಪಿದರೆ ಕೇಳಿ.

ರೋಣದ ಕಡೆ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಆ ಕಂಪನಿಗೆ ರೊಟ್ಟಿ ಬಡಿಯುವವಳು ಫಕೀರವ್ವ. ಅವಳಿಗೆ ಒಬ್ಬನೇ ಮಗ, ಪರ್ವತ್ಯಾ. ಆಳು ಆರಡಿ, ತಲೆ ಖಾಲಿ. ನೀರು ತಾ ಅಂದರೆ ಬೊಗಸೆಯಲ್ಲಿ ತರುವನು. ಕೊಡದಲ್ಲಿ ತಾ ಅಂತ ಯಾರೂ ಹೇಳಿರಲಿಲ್ಲವಲ್ಲ!

ಫಕೀರವ್ವನಿಗೋ ಎದೆನೋವು. "ನಾ ಸತ್ತ ಮ್ಯಾಲ ನಿನಗ ರೊಟ್ಟಿ ಯಾರು ಹಾಕ್ತಾರೋ ಮಗನ?" ಅಂತ ಹಣೆ ಬಡಿದುಕೊಳ್ಳುವಳು.

"ನೀನ ಹಾಕವ್ವಾ," ಅನ್ನುವನು ಮಗ.

ಕಡೆಗೆ ಅವಳು ಮ್ಯಾನೇಜರ್ ಅಂದಾನೆಪ್ಪನ ಕಾಲು ಹಿಡಿದಳು. "ಎಪ್ಪಾ, ಇವನ್ನ ಕಂಪನ್ಯಾಗ ಕಾಯಂ ಮಾಡ್ರಿ. ನನ್ನ ಜೀವ ನೆಮ್ಮದೀಲೆ ಹೋಗ್ತೈತಿ."

ಅಂದಾನೆಪ್ಪನಿಗೂ ಒಬ್ಬ ಬೇಕಾಗಿತ್ತು. ಆ ಊರಿನ ಜನ ಎಂಥ ಹಾಡಿಗೂ ಕಲ್ಲಿನಂತೆ ಕೂತಿರುತ್ತಿದ್ದರು. "ಲೇ ಪರ್ವತ್ಯಾ, ಮುಂದಿನ ಕುರ್ಚ್ಯಾಗ ಕೂಡು. ಒಂದು ಮುಗೀತಂದ್ರ ಎದ್ದು 'ಒನ್ಸ್ ಮೋರ್' ಅಂತ ಒದರು. ನೀ ಒದರಿದ್ರ ಜನಾ ಒದರ್ತೈತಿ. ಹುರುಪ ಬರಬೇಕಲೇ ಮಂದಿಗೆ! ಒಂದು ತಿಂಗಳು ನೋಡ್ತೀನಿ."

ನೋಡಿ, ಇದೊಂದು ಮಜಾ. ಇಂಗ್ಲಿಷಿನ ಎ ಬಾರದವನೂ ನಮ್ಮ ಕಡೆ ಹುರುಪು ಬಂದರೆ ಇಂಗ್ಲಿಷಿನಲ್ಲೇ ಕೂಗುತ್ತಾನೆ. ಹಾಡಿಗೆ ಒನ್ಸ್ ಮೋರ್, ಕೇಡಿಗನಿಗೆ ಶೇಮ್ ಶೇಮ್, ಪೈಲ್ವಾನನಿಗೆ ಬಕಪ್. ಕನ್ನಡದಲ್ಲಿ ಕೂಗಿದರೆ ಗಂಟಲಿನ ಕಾವು ಆರಿಹೋಗುತ್ತದೇನೋ!

ಮೊದಲ ಆಟ. ಹಾಡು ಮುಗಿಯಿತು. "ಒನ್ಸ್ ಮೋರ್!" ಅಂದ ಪರ್ವತ್ಯಾ. ಜನವೂ ಅಂದಿತು. ಅಂದಾನೆಪ್ಪ ಮೀಸೆ ತಿರುವಿದ. ಅಷ್ಟರಲ್ಲಿ ರಂಗದ ಮೇಲೆ ದುಷ್ಟ ಗಂಡ ನಾಯಕಿ ಕಸ್ತೂರಿಬಾಯಿಯ ಕೆನ್ನೆಗೆ ಬಾರಿಸಿದ. ಒಂದು ಮುಗಿಯಿತಲ್ಲ! "ಒನ್ಸ್ ಮೋರ್!" ಜನವೂ ಅಂದಿತು. ಜನ್ಮದಲ್ಲಿ ಒನ್ಸ್ ಮೋರ್ ಕಾಣದ ಆ ನಟ ಹಿಗ್ಗಿಹೋಗಿ ಮತ್ತೆ ಬಾರಿಸಿದ, ಮತ್ತೆ ಬಾರಿಸಿದ. ಪಾಪ, ಕಸ್ತೂರಿಬಾಯಿಯ ಕೆನ್ನೆ ಪೂರಿಯಂತೆ ಉಬ್ಬಿತು.

"ಕತ್ತೆ ಅಂಥಾವನ!" ಅಂದ ಅಂದಾನೆಪ್ಪ. "ಹೊಡದಾಗ ಒನ್ಸ್ ಮೋರ್ ಅಂತಾರೇನಲೇ? ಹೆಣ್ಮಗಳ ಕಣ್ಣಾಗ ನೀರು ಬಂತಂದ್ರ 'ಶೇಮ್ ಶೇಮ್' ಅನಬೇಕು! ಜನಾ ಸಿಟ್ಟಿಗೇಳಬೇಕು!"

"ಹೂನ್ರಿ. ನೀರು ಬಂದ್ರ ಶೇಮ್ ಶೇಮ್."

ಎರಡನೆಯ ಆಟ. ಕಂಪನಿಗೆ ಜಾಗ ಕೊಟ್ಟ ದೇಸಾಯರು ರಂಗಕ್ಕೆ ಬಂದು ಕಸ್ತೂರಿಬಾಯಿಗೆ ಶಾಲು ಹೊದಿಸಿದರು. ಸಂತೋಷಕ್ಕೆ ಆಕೆಯ ಕಣ್ಣು ತುಂಬಿತು. ಪರ್ವತ್ಯಾ ಎದ್ದ. "ಶೇಮ್ ಶೇಮ್!" ಜನಕ್ಕೆ ಅಷ್ಟೊತ್ತಿಗೆ ರೂಢಿಯಾಗಿತ್ತು, ಇಡೀ ಟೆಂಟು ಕೂಗಿತು. ದೇಸಾಯರು ಕಂಪನಿಯವರು ಹಾಕಿದ್ದ ಹಾರ ಕಿತ್ತೆಸೆದು ನಡೆದರು.

"ಹಾಳಾತು ಕಂಪನಿ!" ಅಂದಾನೆಪ್ಪ ತಲೆ ಚಚ್ಚಿಕೊಂಡ. "ಅಂಥಾ ದೊಡ್ಡವರು ಎದ್ದು ನಿಂತ್ರ ಹುರಿದುಂಬಿಸಬೇಕೋ! 'ಬಕಪ್, ಬಕಪ್' ಅನಬೇಕು!"

"ಹೂನ್ರಿ. ದೊಡ್ಡವರು ಎದ್ರ ಬಕಪ್."

ಮರುದಿನ ಬೆಳಿಗ್ಗೆ ಅಂದಾನೆಪ್ಪ, ಪರ್ವತ್ಯಾ ಇಬ್ಬರೂ ಕ್ಷಮೆ ಕೇಳಲು ದೇಸಾಯರ ವಾಡೆಗೆ ಹೋದರು. ಅಂದಾನೆಪ್ಪ ಅಡ್ಡಬಿದ್ದ. ದೇಸಾಯರು ಬೆತ್ತ ಹಿಡಿದು ಎದ್ದು ನಿಂತರು. ಎದ್ದರಲ್ಲ! "ಬಕಪ್ ಧಣ್ಯಾರ, ಬಕಪ್!" ಅಂದ ಪರ್ವತ್ಯಾ. ಕುಸ್ತಿ ಅಖಾಡದಲ್ಲಿ ಹೇಗೆ ಕೂಗುತ್ತಾರೋ ಹಾಗೆ, ತೊಡೆ ತಟ್ಟಿ. ಒಂದು ಏಟಿಗೆ ಎತ್ತಿದ ಬೆತ್ತ ಒಂಬತ್ತು ಏಟಿಗೆ ಇಳಿಯಿತು. ಎಲ್ಲವೂ ಅಂದಾನೆಪ್ಪನ ಬೆನ್ನಿಗೇ.

"ಇವತ್ತ ಹೊರಗ ಹೋಗ್ರಿ, ತಾಯಿ ಮಗಾ ಇಬ್ಬರೂ!" ಅಂದ ಅಂದಾನೆಪ್ಪ, ಟೆಂಟಿಗೆ ಮರಳಿದ್ದೇ.

ಫಕೀರವ್ವ ಸೆರಗೊಡ್ಡಿದಳು. "ಎಪ್ಪಾ, ಇನ್ನೊಂದು ದಿನಾ ನೋಡ್ರಿ. ಇವನ ಬಾಯಿ ಹೊಲೀತೀನಿ."

"ಒಂದ ದಿನ. ಕುರ್ಚಿ ಗಿರ್ಚಿ ಇಲ್ಲ. ರಂಗದ ಬಾಜೂಕ ಅಡಿಗಿ ಪರದೆ ಹಿಂದ ನಿನ್ನ ಹತ್ರ ಕುಂತು ಬರೇ ಚಪ್ಪಾಳಿ ಬಡೀಲಿ. ಬಾಯಿ ಬಿಟ್ಟನೋ, ಗಂಟು ಕಟ್ರಿ."

ಫಕೀರವ್ವ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನನ್ನ ಆಣಿ ಐತಿ. ಏನರ ಆಗಲಿ, ಯಾರರ ಕರೀಲಿ, ಬಾಯಿ ತೆಗೀಬ್ಯಾಡ. ಬರೇ ಚಪ್ಪಾಳಿ. ತಿಳೀತೇನು?"

ತಿಳಿಯಿತು. ಇಷ್ಟು ಚೆನ್ನಾಗಿ ಅವನಿಗೆ ಹಿಂದೆಂದೂ ಯಾವುದೂ ತಿಳಿದಿರಲಿಲ್ಲ.

ಆಟ ನಡೆದಿತ್ತು. ಒಲೆಯ ಮುಂದೆ ಫಕೀರವ್ವನ ಕೈಯಿಂದ ಹಿಟ್ಟಿನ ಮುದ್ದೆ ಜಾರಿತು. ಎದೆ ಹಿಡಿದು ನೆಲಕ್ಕೆ ಒರಗಿದಳು. "ಮಗನ... ಯಾರನ್ನರ ಕರಿಯೋ..."

ಪರ್ವತ್ಯಾ ಅವ್ವನ ಮುಖ ನೋಡಿದ. ಬಾಯಿ ಬಿಗಿಹಿಡಿದ. ಚಪ್ಪಾಳೆ ತಟ್ಟಿದ.

"ಕೂಗೋ... ನನ್ನಪ್ಪಾ, ಕೂಗೋ..."

ಕಣ್ಣಲ್ಲಿ ನೀರು ಸುರಿಯುತ್ತಿತ್ತು ಅವನಿಗೆ. ತುಟಿ ಮಾತ್ರ ಬಿಡಲಿಲ್ಲ. ಆಣೆಯಲ್ಲವೇ! ಇನ್ನೂ ಜೋರಾಗಿ ತಟ್ಟಿದ. ಪರದೆಯ ಆಚೆ ಮುಂದಿನ ಸಾಲು ತಟ್ಟಿತು, ಹಿಂದಿನ ಸಾಲು ತಟ್ಟಿತು, ಕಲ್ಲಿನಂತೆ ಕೂತ ಊರು ಎದ್ದು ನಿಂತು ತಟ್ಟಿತು. ಟೆಂಟು ನಡುಗಿತು. ನಟರಿಗೆ ಮೈಯೆಲ್ಲ ಪುಳಕ. ಆ ಗದ್ದಲದಲ್ಲಿ ಫಕೀರವ್ವನ ಉಸಿರು ಯಾವಾಗ ನಿಂತಿತೋ, ಕೇಳಿಸಿಕೊಂಡವರು ಯಾರು?

ಅಂದಾನೆಪ್ಪ ಬೆನ್ನು ನೋವು ಮರೆತು ಓಡಿಬಂದು ಪರದೆಯ ಆಚೆಯಿಂದಲೇ ಕೂಗಿದ: "ಫಕೀರವ್ವಾ! ಕಲ್ತಾನವ್ವ ನಿನ್ನ ಮಗಾ! ಇವತ್ತಿಂದ ಇವ ಕಾಯಂ!"

ಪರ್ವತ್ಯಾ ಅದಕ್ಕೂ ಚಪ್ಪಾಳೆ ತಟ್ಟಿದ.