ಶಿಲುಬೆ ಮುಟ್ಟಿ ಕೊಟ್ಟ ಓಟಿನ ಮಾತು

ವಂದನೀಯ ಇನ್ನಾಸಪ್ಪ ಸ್ವಾಮಿಗಳು ಬಿಡುವಾದಾಗಲೆಲ್ಲ ನಮ್ಮ ಕ್ರೈಸ್ತರ ಕೇರಿಯ ದೇವಾಲಯದ ಹಿಂದೆ ಅವರೆಕಾಯಿ ಪಾತಿಯಲ್ಲಿ ಇರುತ್ತಿದ್ದರು. ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕಳೆ ಕೀಳುತ್ತಿದ್ದ ಆ ಪುಣ್ಯಾತ್ಮರನ್ನು ಹೊಸಬರು ಆಳೆಂದೇ ತಿಳಿಯುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಡೆದ ಮೊದಲ ಚುನಾವಣೆಯ ಹಿಂದಿನ ದಿನವೂ ಹಾಗೇ ಕೂತಿದ್ದರು.

ಅಲ್ಲಿಗೆ ವಿಧವೆ ಜ್ಞಾನಮ್ಮ ಅಳುತ್ತ ಬಂದಳು. ಕೇರಿಯ ಯಜಮಾನ ರಾಯಪ್ಪನವರು ಮನೆಮನೆಗೂ ಶಿಲುಬೆ ಹಿಡಿದು ಹೋಗಿ, ತಾವು ಹೇಳಿದವರಿಗೇ ಓಟು ಹಾಕಬೇಕೆಂದು ಎಲ್ಲರಿಂದಲೂ ಅದನ್ನು ಮುಟ್ಟಿಸಿ ಆಣೆ ಮಾಡಿಸಿದ್ದರು. ನಮ್ಮ ಜನ ಶಿಲುಬೆ ಮುಟ್ಟಿದರೆ ಮುಗೀತು, ಪ್ರಾಣ ಹೋದರೂ ಮಾತು ತಪ್ಪುವುದಿಲ್ಲ! ರಾಯಪ್ಪನವರಿಗೆ ಇದು ಗೊತ್ತಿಲ್ಲದ್ದೇನಲ್ಲ.

“ಕಾಲರಾ ಬಂದಾಗ ನಮ್ಮ ಮನೆಯವರ ಹೆಣಕ್ಕೆ ಹೆಗಲು ಕೊಟ್ಟೋರು ಯಜಮಾನ್ರು ಹೇಳಿದೋರ ಎದುರು ಓಟಿಗೆ ನಿಂತಿರೋ ಆ ಇನ್ನೊಬ್ಬರು, ಸ್ವಾಮಿ. ನನ್ನ ಓಟು ಅವರಿಗೇ ಅಂದ್ಕೊಂಡಿದ್ದೆ. ಈಗ ಹಾಕಿದ್ರೆ ನರಕ, ಹಾಕದಿದ್ರೆ ಈ ಜೀವ ಒಪ್ಪಲ್ಲ. ನಾಳೆ ಓಟಿಗೇ ಹೋಗದೆ ಮನೇಲಿದ್ದುಬಿಡ್ಲಾ?”

ಸ್ವಾಮಿಗಳು ರಾಯಪ್ಪನವರಿಗೆ ಹೇಳಿಕಳುಹಿಸಿದರು. ಬಂದವರು ವಿಷಯ ಕೇಳಿದ್ದೇ ರೇಗಿದರು. ರೇಗದೆ ಇರುತ್ತಾರೆಯೇ? ದೇಶಕ್ಕಾಗಿ ಜೈಲು ಕಂಡ ಮನುಷ್ಯ!

“ನಮ್ಮವರು ಗೆದ್ರೆ ಕೇರಿಗೆ ಬಾವಿ ತೋಡಿಸ್ತಾರೆ, ಸ್ವಾಮಿ. ಇವಳಿಗೇನು ತಿಳಿಯುತ್ತೆ? ನಾನು ಮಾಡಿದ್ದು ಎಲ್ಲರ ಒಳ್ಳೇದಕ್ಕೆ ತಾನೆ?”

ಸ್ವಾಮಿಗಳು ಕೈಗಂಟಿದ ಮಣ್ಣು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು: “ತಪ್ಪಾಯ್ತು ಅಂತ ಬರೆದುಕೊಟ್ಟರೆ ಬಿಟ್ಟುಬಿಡ್ತೀವಿ ಅಂದಿದ್ರಂತಲ್ಲ ಜೈಲಿನವರು. ನೀನು ಯಾಕಪ್ಪ ಬರೆದುಕೊಡಲಿಲ್ಲ?”

“ಮನಸ್ಸು ಒಪ್ಪಲಿಲ್ಲ, ಸ್ವಾಮಿ.”

“ಇವಳಿಗೂ ಮನಸ್ಸಿದೆ ರಾಯಪ್ಪ. ದೇವರು ಕೊಟ್ಟದ್ದು. ಆತನ ಶಿಲುಬೆ ತಂದು ಅದಕ್ಕೆ ಬೀಗ ಹಾಕಬೇಡ.”

ಆಮೇಲೆ ಜ್ಞಾನಮ್ಮನ ಕಡೆ ತಿರುಗಿ, “ಹೆದರಿಸಿ ಮಾಡಿಸಿದ ಆಣೆಗೆ ದೇವರು ಕಿವಿಗೊಡಲ್ಲಮ್ಮ. ಯೋಚನೆ ಮಾಡಿ ಹಾಕು. ಮನೇಲಿ ಮಾತ್ರ ಕೂರಬೇಡ” ಎಂದರು.

ಲಾಠಿ ಏಟಿಗೂ ಜಗ್ಗದಿದ್ದ ರಾಯಪ್ಪನವರು ಅಲ್ಲೇ ಮಣ್ಣಿನಲ್ಲಿ ಮೊಣಕಾಲೂರಿದರು. ಸಂಜೆ ಮತ್ತೆ ಮನೆಮನೆಗೂ ಹೋಗಿ, “ಆ ಆಣೆ ನಿಮ್ಮ ಮೇಲಿಲ್ಲ, ತಪ್ಪು ನನ್ನದು. ಇಷ್ಟ ಬಂದವರಿಗೆ ಹಾಕಿ” ಎಂದು ಕೈಮುಗಿದರು. ಯಜಮಾನರು ಕೈಮುಗಿದದ್ದನ್ನು ನಮ್ಮ ಕೇರಿ ಕಂಡದ್ದು ಅದೇ ಮೊದಲು, ನೋಡಿ.

ಮರುದಿನ ಓಟು ಹಾಕಿ ಹೊರಬಂದ ಜ್ಞಾನಮ್ಮನ ಮುಖ ಅರಳಿತ್ತು. ಸಂತೋಷ ತಡೆಯಲಾರದೆ ಸೀದಾ ರಾಯಪ್ಪನವರ ಹತ್ತಿರ ಬಂದು, “ಯಜಮಾನ್ರೇ, ನಾನು ಯಾರಿಗೆ ಹಾಕಿದೆ ಅಂದ್ರೆ...” ಎಂದು ಶುರುಮಾಡಿದಳು.

ಅವರು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, “ಬೇಡ ತಾಯಿ, ನನಗೆ ಹೇಳಬೇಡ!” ಎಂದರು.