ಮಹಾರಾಜರ ನಿಲುವಂಗಿಯ ಅಂಚು

ಗದಗಿನಲ್ಲಿ ನಾಟಕ ಕಂಪನಿಯೊಂದು ಕ್ಯಾಂಪ್ ಹಾಕಿತ್ತು. ಕಂಪನಿಯ ಬಟ್ಟೆ ಹೊಲಿಯುವ ಸಂಗವ್ವನ ಮುಂದೆ ರಾಜನ ಪಾರ್ಟಿನ ಗುರುಸಿದ್ದಯ್ಯ ಭಾರೀ ನಿಲುವಂಗಿಯೊಂದನ್ನು ತಂದು ಎಸೆದ.

"ಇವತ್ತಿನ ಆಟಕ್ಕ ಅಂಚು ಮಡಚಿ ಹೊಲಿ. ಒಂದು ಹೊಲಿಗಿ ಡೊಂಕಾದ್ರೂ ಮಾಲಕರಿಗೆ ಹೇಳಿ ನಿನ್ನ ಕಂಪನಿ ಬಿಡಸ್ತೀನಿ!"

ಕ್ಯಾನ್ವಾಸು, ಅಸ್ತರು, ಜರಿ ಎಲ್ಲ ಸೇರಿ ಅಂಚು ರೊಟ್ಟಿ ಪೇರಿಸಿಟ್ಟಂತೆ ದಪ್ಪಗಿತ್ತು. ಮಷಿನ್ನಿನ ಸೂಜಿ ಪಟ್ಟನೆ ಮುರಿಯಿತು. ಬಡಿದು ಚಪ್ಪಟೆ ಮಾಡೋಣವೆಂದು ಸಂಗವ್ವ ಸುತ್ತಿಗೆ ಎತ್ತಿದಳು.

"ಏಯ್! ರಾಜನ ಅಂಗೀಗೆ ಸುತ್ತಿಗಿ ಏಟಾ? ಏಟು ತಿಂದ ಅಂಗಿ ತೊಟ್ಟು ನಾ ರಂಗಕ್ಕ ಬರಾಂಗಿಲ್ಲ!"

ಸಂಗವ್ವ ಸುತ್ತಿಗೆ ಇಟ್ಟಳು. ಅವನು ಕನ್ನಡಿ ನೋಡಿ ಮೀಸೆ ತಿರುವುತ್ತಿದ್ದಾಗ ಅಂಚು ಮಡಚಿ ಕುರ್ಚಿಯ ಮೇಲೆ ಹಾಸಿ, ಟವೆಲ್ ಹೊದಿಸಿದಳು.

"ಆತ್ರಿ, ಬಡಿಯೂದಿಲ್ಲ. ನಾ ಹೊಸಾ ಸೂಜಿ ಹಾಕೂತನಕ ಇಲ್ಲಿ ಕುಂತು ಆ ದರ್ಬಾರಿನ ಮಾತು ಒಮ್ಮಿ ಹೇಳ್ರಿ. ಪರದೆ ಹಿಂದ ಹೊಲಕೋತ ಕುಂತ ನನಗ ಅದು ಕೇಳಸೂದ ಇಲ್ಲ."

ಅಷ್ಟು ಅಂದದ್ದೇ ತಡ, ಗುರುಸಿದ್ದಯ್ಯ ಕೂತು ಗರ್ಜಿಸಿದ. ಮಾತು ಮಾತಿಗೂ ಎಗರಿ ಎಗರಿ ಕೂತ. ಕುರ್ಚಿ ನರಳಿತು. "ಶತ್ರುವನ್ನು ಅಪ್ಪಚ್ಚಿ ಮಾಡುವೆನು!" ಎನ್ನುವಾಗಂತೂ ಎದ್ದು ಧೊಪ್ಪನೆ ಕುಕ್ಕರಿಸಿದ.

ಅವನು ಎದ್ದಾಗ ಅಂಚು ಹಪ್ಪಳದಂತಾಗಿತ್ತು. ಮಷಿನ್ನು ಅದರ ಮೇಲೆ ಸರಾಗವಾಗಿ ಓಡಿತು. ಹೊಲಿಗೆ ಗೆರೆ ಎಳೆದಂತೆ ಬಂತು.

"ಭೇಷ್! ನೋಡಿದ್ಯಾ, ಸುತ್ತಿಗಿ ಇಲ್ಲದ ಆತು!"

"ಹೌದ್ರಿ. ಆ ಸುತ್ತಿಗಿ ಭಾಳ ಹಗುರ ಇತ್ತು. ಅದಕ್ಕ ನಿಮ್ಮನ್ನ ಕುಂಡರಿಸಿದೆ."

ಗುರುಸಿದ್ದಯ್ಯ ಕುರ್ಚಿ ನೋಡಿದ, ಟವೆಲ್ ನೋಡಿದ. ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

ಮರುವಾರ ಸೇನಾಪತಿಯ ದಪ್ಪ ಕೋಟು ಹೊಲಿಗೆಗೆ ಬಂತು. ಅದರ ಹಿಂದೆಯೇ ಗುರುಸಿದ್ದಯ್ಯನೂ ಬಂದ.

"ಸಂಗವ್ವಾ, ಎಲ್ಲಿ ಕುಂಡರಲಿ?"