ಎಳ್ಳಿನ ತಟ್ಟೆ ಹತ್ತಿದ ಗೊದ್ದಮ್ಮ

ವನಜಾಕ್ಷಮ್ಮನ ಮನೆ ಗೋಡೆ ಬಿರುಕಲ್ಲಿ ಗೊದ್ದಮ್ಮ ಅಂತ ಒಂದು ಕರೀ ಇರುವೆ, ಹಸಿದ ಮಕ್ಕಳು ಗೂಡು ತುಂಬ. ಸಂಕ್ರಾಂತಿ ದಿನ ವನಜಾಕ್ಷಮ್ಮ ಎಳ್ಳು ಬೀರೋ ತಟ್ಟೆ ಜೋಡಿಸಿಟ್ಟು ಸೀರೆ ಉಡೋಕೆ ಹೋದ್ಲು. ಅವಳು ಬರೋದ್ರೊಳಗೆ ಏನಾದ್ರೂ ಹೊತ್ಕೊಂಡು ಹೋಗ್ಬೇಕು ಅಂತ ಗೊದ್ದಮ್ಮ ತಟ್ಟೆ ಹತ್ತಿದ್ಲು.

"ನನ್ನ ಎತ್ಕೊಳ್ಳಮ್ಮ," ಅಂತು ಕಬ್ಬಿನ ಆಕಾರದ ಹಬ್ಬದ ಚಾಕ್ಲೇಟು. "ಮೈಮೇಲೆ ಬರೆದೈತೆ ನೋಡು. ಪ್ರೋಟೀನೈತೆ, ಕಬ್ಬಿಣದಂಶ ಐತೆ, ಸಕ್ಕರೆ ಬರೀ ಆರು ಗ್ರಾಮು."

ಪಕ್ಕದಲ್ಲಿದ್ದ ಸಕ್ಕರೆ ಅಚ್ಚಿನ ಗಿಳಿ ಕಿಸಕ್ಕನೆ ನಕ್ತು. "ಆರು ಗ್ರಾಮು ಇಡೀ ನಿಂಗೋ, ಒಂದು ತುಂಡಿಗೋ? ಬಾಯಿಬಿಟ್ಟು ಹೇಳಪ್ಪ."

"ಒಂದು ತುಂಡಿಗೆ. ನಾನು ನಾಲ್ಕು ತುಂಡು."

"ಹಂಗಾದ್ರೆ ಮಿಕ್ಕ ಮೂರು ಯಾರು ತಿನ್ನೋದು?" ಅಂದ್ಲು ಗೊದ್ದಮ್ಮ.

"ಅದು ಬರೆದಿಲ್ಲ."

"ನಾನು ಪೂರ್ತಿ ಸಕ್ಕರೇನೇ ಕಣೇ, ಲೆಕ್ಕಾನೇ ಬೇಡ. ಬಾ," ಅಂತು ಗಿಳಿ.

"ನಿನ್ನಲ್ಲಿ ಪ್ರೋಟೀನಿಲ್ವಲ್ಲೇ!" ಅಂದ್ಲು, ಆ ಹೆಸರು ಆಗಷ್ಟೇ ಕೇಳಿದ್ದ ಗೊದ್ದಮ್ಮ. ಮೀಸೆ ಆಡಿಸ್ತಾ ಚಾಕ್ಲೇಟಿನ ಹತ್ರ ಹೋದ್ಲು, ಗಿಳಿ ಹತ್ರ ಬಂದ್ಲು, ತಲೆ ಗಿರ್ರಂತು.

ಅಷ್ಟರಲ್ಲಿ ವನಜಾಕ್ಷಮ್ಮ ಬಂದು ತಟ್ಟೆ ಎತ್ಕೊಂಡು ಹೊರಟೇಬಿಟ್ಲು. ಮಕ್ಕಳು ಗೋಡೇಲಿ ಬಾಯಿ ಬಿಟ್ಕೊಂಡು ಕಾಯ್ತಿದ್ವು. ತಾಯಿ ಎಳ್ಳು ಬೆಲ್ಲದ ರಾಶಿ ಮೇಲೆ ನಿಂತ್ಕೊಂಡು, ಬರಿಗೈಲಿ, ಆಚೆ ಬೀದಿ ದಾಟ್ತಿದ್ಲು.